ಬೆರಳು ಮಡಚಿ ಕಲಿತ ಇಂಗ್ಲಿಷ್

ಗಾಳಿಲೆಕ್ಕ ಇನ್ನೂರ ಹದಿನಾಲ್ಕು, ಇಲ್ಲದ ದಿನ
ಏಳುಮೆಟ್ಟಿಲ ಬಂದರು

ಸಹಶಿಕ್ಷಕಿ ಕಸ್ತೂರಿ ಬಡಿಗೇರ ಅಕ್ಕೋರಿಗೆ, ನಿಂಬೆವ್ವ ತೇಲ್ಗೇರಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ಕಂಡು ಗಾಬರಿಯಾಗಬೇಡಿ. ಗಾಳಿಲೆಕ್ಕ ಎಂದರೆ ನಮ್ಮ ವರ್ಷಗಳ ಎಣಿಕೆ. ನಾವು ವರ್ಷವನ್ನು ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳಾಗಿ ಹಂಚಿಕೊಂಡಿದ್ದೇವೆ. ಹಂಚಿದ ಮೇಲೆ ಒಂದು ದಿನ ಮಿಕ್ಕುತ್ತದೆ. ಅದು ಯಾವ ತಿಂಗಳಿಗೂ ಸೇರದು, ಅದಕ್ಕೆ ವಾರದ ಹೆಸರೂ ಇಲ್ಲ. ಹಾಗಾಗಿ ಅದನ್ನು ಇಲ್ಲದ ದಿನ ಎನ್ನುತ್ತೇವೆ. ಅಂದು ಯಾರೂ ದುಡಿಯುವುದಿಲ್ಲ. ಇಲ್ಲದವರಿಗೆ ಪತ್ರ ಬರೆದು ನೀರಿಗೆ ಬಿಡುತ್ತೇವೆ. ಇಳಿತದಲ್ಲಿ ಬಿಟ್ಟದ್ದು ಹೋದವರಿಗೆ, ಉಬ್ಬರದಲ್ಲಿ ಬಿಟ್ಟದ್ದು ಇನ್ನು ಬರಲಿರುವವರಿಗೆ ಮುಟ್ಟುತ್ತದೆ ಎಂಬುದು ಇಲ್ಲಿಯ ನಂಬಿಕೆ. ನಾನು ಅಷ್ಟೇನೂ ನಂಬುವವಳಲ್ಲ. ಹೋದ ವರ್ಷ ನನ್ನ ಅಜ್ಜನಿಗೆ ಬರೆದ ಪತ್ರ ಮರುದಿನವೇ ಪಕ್ಕದ ಓಣಿಯ ಮೆಟ್ಟಿಲಿಗೆ ಬಂದು ಹತ್ತಿಕೊಂಡಿತ್ತು. ಓಣಿಯವರೆಲ್ಲ ಓದಿ, ನನ್ನ ಅಜ್ಜನ ಗುಟ್ಟುಗಳನ್ನು ತಿಳಿದುಕೊಂಡು, ನನ್ನನ್ನು ಕಂಡಾಗಲೆಲ್ಲ ನಕ್ಕರು. ಆದರೂ ಈ ವರ್ಷ ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಮುಂದೆ ಒಂದು ತಪ್ಪು ಒಪ್ಪಿಕೊಳ್ಳುವುದಿದೆ, ಒಂದು ಬೇಡಿಕೆಯೂ ಇದೆ.

ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕೈಬರಹದ ಟಿಪ್ಪಣಿಗಳನ್ನು ಓದಿ ಓದಿ ನಿಮ್ಮ ಕಾಲದ ಕನ್ನಡವನ್ನು ರೂಢಿಸಿಕೊಂಡಿದ್ದೇನೆ. ನಿಮ್ಮಲ್ಲಿ ಇಲ್ಲದ ವಸ್ತು ಬಂದರೆ ಮಾತ್ರ ನಮ್ಮ ಪದ ಹಾಕಿ, ಅದೇನೆಂದು ಅಲ್ಲೇ ಹೇಳಿಬಿಡುತ್ತೇನೆ.

ನಮ್ಮೂರು ಘಟ್ಟದ ಬುಡದಲ್ಲಿದೆ. ನಿಮ್ಮ ಕಾಲದಲ್ಲಿ ಸಮುದ್ರ ಇಲ್ಲಿಗೆ ಬಹಳ ದೂರವಿತ್ತಂತೆ. ಈಗ ಅದು ನಮ್ಮ ಏಳನೆಯ ಮೆಟ್ಟಿಲಿನವರೆಗೆ ಬಂದು ಕುಳಿತಿದೆ, ಮನೆಗೆ ಬಂದ ಬೀಗರ ಹಾಗೆ, ಹೊರಡುವ ಮಾತೇ ಇಲ್ಲ. ನಮ್ಮ ಹಿರಿಯರು ಬಯಲುಸೀಮೆಯ ಬಿಸಿಲು ತಡೆಯಲಾರದೆ ಘಟ್ಟ ಇಳಿದು ಬಂದವರು. ಅದಕ್ಕೇ ಕಡಲ ದಂಡೆಯಲ್ಲಿದ್ದೂ ನಮ್ಮ ಬಾಯಲ್ಲಿ ಇನ್ನೂ ಜೋಳದ ಸೀಮೆಯ ಮಾತೇ ಉಳಿದಿದೆ. ತಿನ್ನುವುದು ಮಾತ್ರ ಉಪ್ಪುನೀರಲ್ಲಿ ಬೆಳೆಯುವ ಅಕ್ಕಿ. ಓಣಿಗಳು ಹಲಗೆಯವು, ತೇಲುತ್ತವೆ. ನೀರು ಏರಿದಾಗ ಎದುರುಮನೆ ಎತ್ತರವಾಗುತ್ತದೆ, ಇಳಿದಾಗ ನಾವು ಎತ್ತರವಾಗುತ್ತೇವೆ. ಯಾರಿಗೂ ಬಹಳ ಹೊತ್ತು ಬೀಗಲು ಆಗದು. ಮಧ್ಯಾಹ್ನ ಬಿಸಿಲೇರುವಾಗ ಓಣಿಯ ಮೇಲೆ ನೆರಳುಪಟ ಎಳೆಯುತ್ತೇವೆ. ಅದು ಹಾಯಿಯಂಥ ದೊಡ್ಡ ಬಟ್ಟೆ. ಗಾಳಿಗೆ ಅದು ಗುನುಗುತ್ತಿರುವಾಗ ಊರೆಲ್ಲ ನೀಲಿ ಬೆಳಕಿನಲ್ಲಿ ಮಲಗಿ ಕನಸು ಕಾಣುತ್ತದೆ. ಪಟ ಇಳಿಸಿದ ಮೇಲೆ, ಸಂಜೆಯೊಳಗಿನ ಎರಡು ಗಂಟೆ ಶಾಲೆ. ನನ್ನ ತರಗತಿ ನಡೆಯುವುದು ಬಲೆ ಒಣಗಿಸುವ ಚಾವಡಿಯಲ್ಲಿ. ಅಲ್ಲಿ ಮೀನಿನ ವಾಸನೆ ಎಂದು ಬೇರೆ ಯಾವ ಶಿಕ್ಷಕರೂ ಅದನ್ನು ಕೇಳಲಿಲ್ಲ. ಇಂಗ್ಲಿಷಿಗೆ ಮೀನಿನ ವಾಸನೆ ಆಗಿಬರುತ್ತದೆಂದು ಊರ ಪಂಚರು ತಾವೇ ನಿರ್ಧರಿಸಿದರು.

ಇಂಗ್ಲಿಷ್ ಈಗ ಯಾರಿಗೂ ಬೇಕಾಗಿಲ್ಲ, ಅಕ್ಕೋರೇ. ನಿಮಗೆ ಇದನ್ನು ನಂಬುವುದು ಕಷ್ಟವಾದೀತು. ಉತ್ತರದ ಕೆಲವು ದ್ವೀಪಗಳಲ್ಲಿ ಮಾತ್ರ ಅದನ್ನು ಮನೆಮಾತಾಗಿ ಆಡುತ್ತಾರೆ. ಉಳಿದ ನಮಗೆಲ್ಲ ಕಿವಿಮಣಿ ಇದೆ. ಅದು ಕಡಲೆಕಾಳಿನಷ್ಟು ಗಾತ್ರದ್ದು; ಕಿವಿಯಲ್ಲಿಟ್ಟುಕೊಂಡರೆ ಜಗತ್ತಿನ ಯಾವ ಭಾಷೆಯೂ ನಮ್ಮ ಮಾತಾಗಿ ಕೇಳುತ್ತದೆ. ಹಳೆಯ ಗ್ರಂಥಗಳನ್ನೂ ಅದೇ ಓದಿ ಹೇಳುತ್ತದೆ, ಹಾಗಾಗಿ ಮೂಲದ ಅಕ್ಷರ ಕಂಡವರು ಕಡಿಮೆ. ಮಕ್ಕಳಿಗೆ ಏಳು ವರ್ಷ ತುಂಬುವವರೆಗೆ ಮಣಿ ಹಾಕುವುದಿಲ್ಲ. ಬೇಗ ಹಾಕಿದರೆ ಮಗುವಿಗೆ ತನ್ನದೆಂಬ ನಾಲಿಗೆಯೇ ಮೂಡದು ಎಂಬುದನ್ನು ಒಂದು ತಲೆಮಾರು ಕಷ್ಟಪಟ್ಟು ಕಲಿತಿದೆ. ಇನ್ನೊಂದು ಸಂಗತಿ, ಇದು ಮುಂದೆ ಬೇಕಾಗುತ್ತದೆ: ಮಣಿಗೆ ಕಿವಿಯುಂಟು, ಬಾಯಿಲ್ಲ. ಎದುರಿನವರು ಆಡಿದ್ದು ನಮಗೆ ತಿಳಿಯುತ್ತದೆ. ನಾವು ಆಡಿದ್ದು ಅವರಿಗೆ ತಿಳಿಯಬೇಕಾದರೆ ಅವರ ಕಿವಿಯಲ್ಲೂ ಮಣಿ ಇರಬೇಕು.

ಇಂಥ ಊರಿನಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ವಿದ್ಯಾರ್ಥಿಗಳು ಒಂಬತ್ತು ಜನ. ಅವರಲ್ಲಿ ಹುಸೇನಪ್ಪನಿಗೆ ಅರವತ್ತಾಗಿದೆ, ಬಲೆ ಹೆಣೆಯುವವನು, ಎಲ್ಲದರಲ್ಲೂ ನಿಧಾನ. ಚಾವಡಿ ಅವನದೇ ಆದ್ದರಿಂದ ತಾನೂ ಕುಳಿತುಕೊಳ್ಳುತ್ತೇನೆಂದು ಹನ್ನೊಂದು ವರ್ಷಗಳ ಹಿಂದೆ ಕುಳಿತವನು ಇನ್ನೂ ಎದ್ದಿಲ್ಲ. ಸಾವಕ್ಕನಿಗೆ ಹದಿನೇಳು, ಅವಳ ನಾಲಿಗೆ ಕತ್ತರಿಯ ಹಾಗೆ. ತರಗತಿಗೆ ಬಂದವರು ಮೊದಲು ಕಿವಿಮಣಿ ತೆಗೆದು ಬಾಗಿಲ ಬಳಿಯ ಚಿಪ್ಪಿನಲ್ಲಿ ಇಡಬೇಕು. ಆಮೇಲೆ ನಿಮ್ಮ ಪೆಟ್ಟಿಗೆ ತೆರೆಯುತ್ತೇವೆ.

ಹೌದು, ನಿಮ್ಮ ತಗಡಿನ ಪೆಟ್ಟಿಗೆ. ನನ್ನ ಗುರು ದ್ಯಾಮವ್ವಜ್ಜಿ ಚಿಕ್ಕವರಿದ್ದಾಗ, ಘಟ್ಟದ ಮೇಲೆ ಬಿಟ್ಟುಬಂದ ಒಂದು ಶಾಲೆಯ ಉಗ್ರಾಣದಲ್ಲಿ ಅದು ಸಿಕ್ಕಿತು. ಶಾಲೆಯ ಹೆಸರನ್ನು ಗೆದ್ದಲು ತಿಂದಿತ್ತು; ನಿಮ್ಮ ಹೆಸರು ಮುಚ್ಚಳದ ಒಳಗೆ ಬಣ್ಣದಲ್ಲಿ ಬರೆದದ್ದರಿಂದ ಉಳಿಯಿತು. ಒಳಗಿದ್ದದ್ದು: ನೀವು ದಾರ ಹಾಕಿ ಹೊಲಿದ ಅಭ್ಯಾಸಪುಸ್ತಕ, ರಟ್ಟಿಗೆ ಅಂಟಿಸಿದ ಮೂವತ್ತೊಂದು ಚಿತ್ರಗಳು, ಕಾಲುಚೀಲದಿಂದ ಮಾಡಿದ, ಗುಂಡಿಯ ಕಣ್ಣಿನ ಒಂದು ಗೊಂಬೆ. ಇಂಗ್ಲಿಷ್ ಪದಗಳ ಕೆಳಗೆಲ್ಲ ನೀವು ಕನ್ನಡ ಅಕ್ಷರದಲ್ಲಿ ಉಚ್ಚಾರ ಬರೆದಿದ್ದಿರಿ, ಅಂಚಿನಲ್ಲಿ ಪೆನ್ಸಿಲಿನಿಂದ ನಿಮಗೆ ನೀವೇ ಸೂಚನೆ ಕೊಟ್ಟುಕೊಂಡಿದ್ದಿರಿ. ‘ಚೆಂಡು ಎಸೆಯಬೇಕು, ಹಿಡಿದವರು ಮಾತಾಡಬೇಕು.’ ಪೆಟ್ಟಿಗೆಯಲ್ಲಿ ಚೆಂಡಿರಲಿಲ್ಲ. ಹಳೆಯ ಬಲೆಯ ದಾರ ಸುತ್ತಿ ನಾವೇ ಮಾಡಿಕೊಂಡೆವು. ‘ಸ್ಟ್ಯಾಂಡ್ ಅಪ್ ಅಂದಾಗ ನಾನೂ ಎದ್ದು ನಿಲ್ಲಬೇಕು, ಬರೀ ಬಾಯಲ್ಲಿ ಹೇಳಬಾರದು.’ ನಿಲ್ಲುತ್ತೇನೆ, ಮೊಣಕಾಲು ಸದ್ದು ಮಾಡಿದರೂ. ‘ಹಿಂದಿನ ಸಾಲಿನವರಿಗೆ ಗೊಂಬೆ ಕೊಡಬೇಕು. ನಾಚಿಕೆಯವರು ಗೊಂಬೆಯ ಬಾಯಲ್ಲಿ ಮಾತಾಡುತ್ತಾರೆ.’ ಇದು ಅರವತ್ತರ ಹುಸೇನಪ್ಪನ ವಿಷಯದಲ್ಲೂ ನಿಜವಾಯಿತು. ಬಸ್ಸಿನ ಚಿತ್ರವನ್ನು ಅವನು ಚಕ್ರ ಹಚ್ಚಿದ ದೋಣಿ ಎನ್ನುತ್ತಾನೆ, ನಾನು ತಿದ್ದುವುದಿಲ್ಲ. ನಾವೆಲ್ಲರೂ ಆಡುವ ಇಂಗ್ಲಿಷಿಗೆ ನಿಮ್ಮದೇ ಧ್ವನಿ ಇರಬೇಕೆಂದು ನನಗೆ ಎಷ್ಟೋ ಸಲ ಅನಿಸಿದೆ. ನಿಮ್ಮನ್ನು ಕಂಡಿಲ್ಲ, ಆದರೆ ನಿಮ್ಮ ಬಾಯಿ ನಮ್ಮಲ್ಲಿದೆ.

ಈಗ ತಪ್ಪಿನ ವಿಷಯ. ನಿಮ್ಮ ಪುಸ್ತಕದ ಪುಟಗಳ ಮೇಲಿನ ಭಾಗವನ್ನೆಲ್ಲ ಗೆದ್ದಲು ತಿಂದಿತ್ತು. ಮಕ್ಕಳು ಏನು ಮಾಡಬೇಕೆಂದು ನೀವು ಬರೆದ ಸಾಲು ಅಲ್ಲೇ ಇದ್ದಿರಬೇಕು. ಕೆಳಗೆ ಉಳಿದದ್ದು ವಾಕ್ಯಗಳು, ಪ್ರತಿ ವಾಕ್ಯದಲ್ಲೂ ಒಂದು ಉದ್ದನೆಯ ಗೀಟು. ‘ಮೈ ನೇಮ್ ಈಸ್’ ಎಂದು ಬರೆದು ಗೀಟು. ‘ದಿಸ್ ಈಸ್ ಆನ್’ ಎಂದು ಬರೆದು ಗೀಟು. ‘ಐ’ ಆದ ಮೇಲೆ ಗೀಟು, ಆಮೇಲೆ ‘ಟು ಸ್ಕೂಲ್ ಎವ್ರಿ ಡೇ’. ಗೀಟಿನ ಪಕ್ಕದಲ್ಲಿ ನಿಮ್ಮ ಪೆನ್ಸಿಲು ಹೇಳಿತ್ತು: ‘ಇಲ್ಲಿ ನಿಲ್ಲಬೇಕು. ಬೆರಳು ಮಡಚುತ್ತ ಐದು ಎಣಿಸಬೇಕು. ಅವಸರ ಮಾಡಬಾರದು.’

ದ್ಯಾಮವ್ವಜ್ಜಿ ಹಾಗೇ ಮಾಡಿದರು. ಇಂಗ್ಲಿಷ್ ಎಂದರೆ ಪ್ರತಿ ವಾಕ್ಯದಲ್ಲೂ ಒಂದು ಕಡೆ ಮೌನವಾಗುವ ಭಾಷೆ ಎಂದು ತಿಳಿದರು. ಗೀಟು ಬಂದಲ್ಲಿ ನಿಂತು, ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಚಿ, ಐದಾದ ಮೇಲೆ ಮುಂದೆ ಹೋಗುವುದು. ಇದಕ್ಕೆ ಐದೆಣಿಕೆ ಎಂದು ಹೆಸರಿಟ್ಟರು. ಒಬ್ಬರು ನಿಂತಾಗ ಇಡೀ ತರಗತಿ ಅವರೊಂದಿಗೆ ಬೆರಳು ಮಡಚಬೇಕು, ನಡುವೆ ಬಾಯಿ ತೆರೆಯುವುದು ಮಹಾಪರಾಧ. ಚಿಕ್ಕವಳಿದ್ದಾಗ ನಾನು ಕೇಳಿದ್ದೆ, ಹೀಗೇಕೆ ಎಂದು. ಅಜ್ಜಿ ಕೊಡೆಯ ಚಿತ್ರ ತೋರಿಸಿ ಗದರಿಸಿದ್ದರು: “ಕೊಡೀ ಕಣ್ಣ ಮುಂದ ಐತಿ. ಮತ್ತ ಅದರ ಹೆಸರು ಯಾಕ ಹೇಳ್ಬೇಕ? ದೊಡ್ಡ ಮಂದಿ ಅವರು. ತೋರಿಸಿ ಸುಮ್ನಾಗ್ತಿದ್ರು.” ಶಾಲೆಗೆ ಹೋಗುವ ವಾಕ್ಯದಲ್ಲಿ ಹೋಗುವುದನ್ನೇ ಏಕೆ ನುಂಗಿದ್ದಾರೆ ಎಂದಾಗ, “ತಾವು ಮಾಡಿದ್ದ ತಾವ ಹೇಳ್ಕೋಬಾರದು ಅಂತ, ಸಭ್ಯತಾ” ಎಂದರು. ನನಗೆ ಆ ಜನರ ಮೇಲೆ ಎಂಥ ಗೌರವ ಬಂದಿತ್ತೆಂದರೆ, ಆ ಗೌರವದಲ್ಲೇ ನಾನು ಶಿಕ್ಷಕಿಯಾದೆ. ಅಜ್ಜಿ ನಲವತ್ತು ವರ್ಷ, ನಾನು ಇಪ್ಪತ್ತೆರಡು. ಒಟ್ಟು ಅರವತ್ತೆರಡು ವರ್ಷ ಈ ಚಾವಡಿಯಲ್ಲಿ ಜನ ನೀವು ಬಿಟ್ಟ ಜಾಗದಲ್ಲಿ ಬೆರಳು ಮಡಚುತ್ತ ಕುಳಿತಿದ್ದಾರೆ. ನಗಬೇಡಿ ಎನ್ನಲಾರೆ, ನಗಿ. ಆದರೆ ಆ ಮೌನದಲ್ಲಿ ಹಲಗೆಯ ಕೆಳಗೆ ನೀರು ಹೊರಳುವ ಸದ್ದು, ಬಲೆಯಿಂದ ಉಪ್ಪು ಉದುರುವ ಸದ್ದು ಕೇಳುತ್ತಿತ್ತು, ಮತ್ತು ಐದೂ ಬೆರಳು ಮಡಚಿಕೊಂಡಾಗ ಏನೋ ಹಿಡಿದುಕೊಂಡ ಹಾಗೆ ಅನಿಸುತ್ತಿತ್ತು. ನಮಗೆ ಅದು ಇಷ್ಟವಾಗಿತ್ತು.

ಹೋದ ತಿಂಗಳು ಬಿರುಗಾಳಿ ಎದ್ದ ಮೂರನೆಯ ಬೆಳಿಗ್ಗೆ, ನಮ್ಮ ಮೆಟ್ಟಿಲಿಗೆ ಒಂದು ಜೀವತೊಟ್ಟಿಲು ಬಂದು ತಾಗಿತು. ಹಡಗು ಮುಳುಗುವಾಗ ಒಬ್ಬರನ್ನೋ ಇಬ್ಬರನ್ನೋ ಒಳಗೆ ಮಲಗಿಸಿ ನೀರಿಗೆ ಬಿಡುವ, ಮುಚ್ಚಳವಿರುವ ಸಣ್ಣ ತೆಪ್ಪ ಅದು. ಒಳಗೆ ಆರು ವರ್ಷದ ಒಂದು ಹೆಣ್ಣುಮಗು ಒಂಟಿಯಾಗಿತ್ತು. ತೊಟ್ಟಿಲ ಮೇಲಿನ ಗುರುತು ಅಳಿಸಿಹೋಗಿತ್ತು. ಬಟ್ಟೆ ನೋಡಿ ಉತ್ತರದ ದ್ವೀಪದ್ದೆಂದು ಗೊತ್ತಾಯಿತು. ಯಾವ ಹಡಗು, ಎಷ್ಟು ಜನ, ಉಳಿದ ತೊಟ್ಟಿಲುಗಳು ಎತ್ತ ಹೋದವು, ಇದು ತಿಳಿದರೆ ಹುಡುಕಬಹುದು. ಜೀವತೊಟ್ಟಿಲಲ್ಲಿ ಹನ್ನೆರಡು ದಿನದ ನೀರಿರುತ್ತದೆ, ಅಷ್ಟೇ. ಸಮುದ್ರ ನಾಲ್ಕು ದಿಕ್ಕಿಗೂ ಹರಡಿದೆ, ನಮ್ಮಲ್ಲಿರುವುದು ಮೂರು ದೋಣಿ. ಹೇಳಬೇಕಾದವಳು ಬಾಯಿ ಬಿಡಲೊಲ್ಲಳು. ಅವಳು ಆಡಿದರೆ ಯಾರ ಮಣಿಗಾದರೂ ಅರ್ಥವಾಗುತ್ತಿತ್ತು, ಆದರೆ ಅವಳ ಕಿವಿಯಲ್ಲಿ ಮಣಿಯಿಲ್ಲ, ನಮ್ಮ ಸಮಾಧಾನದ ಒಂದು ಮಾತೂ ಅವಳನ್ನು ಮುಟ್ಟುತ್ತಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಗಂಜಿಯ ತಿಳಿ ಬಿಟ್ಟು ಏನನ್ನೂ ಮುಟ್ಟಲಿಲ್ಲ.

ಬಂದರಿನ ಯಜಮಾನಿ ಲಾಡಮಾ ನನ್ನ ಮನೆಗೆ ಬಂದಳು. ವರ್ಷಕ್ಕೊಮ್ಮೆ ನನ್ನ ತರಗತಿ ಮುಚ್ಚಬೇಕೆಂದು ಪಂಚರ ಮುಂದೆ ವಾದಿಸುವವಳು ಅವಳೇ. ಬಾಗಿಲಲ್ಲೇ ನಿಂತು, “ಅಕ್ಕೋರ, ನಿಮ್ಮ ಇಂಗ್ಲಿಷ್ ಒಂದ್ ದಿನರ ಉಪಯೋಗಕ್ಕ ಬಂದೈತೇನ್ರಿ? ಈಗರ ಬರ್ತೈತೇನ್ ನೋಡ್ರಿ” ಎಂದಳು. ಅವಳ ಕಣ್ಣು ಕೆಂಪಾಗಿತ್ತು. ಹೋಗಿ ಮಗುವಿನ ಪಕ್ಕ ಕುಳಿತು ಕೇಳಿದೆ, ‘ವಾಟ್ ಈಸ್ ಯುವರ್ ನೇಮ್?’ ಅವಳ ಹೆಗಲು ಬಿಗಿಯಾಯಿತು. ಮತ್ತೆ ಕೇಳಿದೆ. ಅವಳು ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡಳು. ಆರು ದಿನಗಳಿಂದ ಎಲ್ಲ ಮುಖಗಳೂ ಅವಳ ಮೇಲೆ ಬಾಗಿ ಏನನ್ನೋ ಕೇಳುತ್ತಲೇ ಇದ್ದವು. ನಾನು ಇನ್ನೊಂದು ಮುಖವಾದೆ, ಅಷ್ಟೇ. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಅತ್ತೆ, ಅಕ್ಕೋರೇ. ಇಪ್ಪತ್ತೆರಡು ವರ್ಷ ಏನು ಕಲಿಸಿದೆ ಎಂದು ನಾಚಿಕೆಯಾಯಿತು.

ಊರಿನ ವೈದ್ಯೆಗೆ ಒಂದು ಯೋಚನೆ ಬಂತು. ಅವಳನ್ನು ಏನೂ ಕೇಳುವುದು ಬೇಡ, ನಿಮ್ಮ ಪಾಠದಲ್ಲಿ ಸುಮ್ಮನೆ ಕೂರಿಸಿಕೊಳ್ಳಿ, ತನ್ನ ಭಾಷೆ ಕಿವಿಗೆ ಬೀಳುತ್ತಿರಲಿ ಎಂದಳು. ಹಾಗೇ ಮಗುವನ್ನು ಎತ್ತಿಕೊಂಡು ಬಂದು, ಚಾವಡಿಯ ಮೂಲೆಯಲ್ಲಿ ಬಲೆಯ ರಾಶಿಗೆ ಒರಗಿಸಿದೆವು. ಲಾಡಮಾ ಮಣಿ ತೆಗೆಯದೆ ಬಾಗಿಲ ಹೊರಗೆ ನಿಂತಳು. ನಾವು ಎಂದಿನಂತೆ ಎದ್ದೆವು, ಕುಳಿತೆವು, ಚೆಂಡು ಎಸೆದೆವು. ಮೊದಲು ಸಾವಕ್ಕ, ಆಮೇಲೆ ಉಳಿದವರು. ಪ್ರತಿಯೊಬ್ಬರೂ ಒಂದು ಚಿತ್ರ ಎತ್ತಿ ಹಿಡಿದು, ವಾಕ್ಯ ಹೇಳಿ, ಗೀಟಿನ ಜಾಗದಲ್ಲಿ ನಿಂತು, ಐದೆಣಿಕೆ ಮುಗಿಸಿ, ಮುಂದಿನವರಿಗೆ ಚೆಂಡು ಎಸೆದರು. ಮಗು ನೋಡುತ್ತಿರಲಿಲ್ಲ. ಕೊನೆಗೆ ಹುಸೇನಪ್ಪನ ಸರದಿ. ಅವನು ಕೊಡೆಯ ಚಿತ್ರ ಎತ್ತಿದ. ‘ದಿಸ್ ಈಸ್ ಆನ್’ ಎಂದು ನಿಂತ. ಬೆರಳು ಮಡಚತೊಡಗಿದ. ಅವನ ಐದೆಣಿಕೆ ಎಂದರೆ ಬೇರೆಯವರ ಹತ್ತು. ಸೂಜಿ ಹಿಡಿದು ಹಿಡಿದು ಬೆರಳು ಗಂಟುಗಟ್ಟಿವೆ, ಒಂದೊಂದೂ ಮನಸ್ಸು ಮಾಡಿ ಮಡಚಿಕೊಳ್ಳಬೇಕು. ಮೂರನೆಯ ಬೆರಳಿನ ಹತ್ತಿರ ಮೂಲೆಯಿಂದ ಒಂದು ಸಣ್ಣ ಧ್ವನಿ ಬಂತು.

‘ಅಂಬ್ರೆಲಾ.’

ನನಗೆ ಮೊದಲು ಬಂದದ್ದು ಸಿಟ್ಟು. ಇದನ್ನು ಮುಚ್ಚಿಡಲಾರೆ. ಐದೆಣಿಕೆಯ ನಡುವೆ ಯಾರೋ ಬಾಯಿ ತೆರೆದರಲ್ಲ ಎಂದು ಕೈ ಎತ್ತಿಯೇಬಿಟ್ಟೆ, ಸುಮ್ಮನಿರಿ ಎನ್ನಲು. ಎತ್ತಿದ ಕೈ ಅಲ್ಲೇ ನಿಂತಿತು. ಮಗು ಎದ್ದು ಕುಳಿತಿದ್ದಳು. ಇಷ್ಟು ವಯಸ್ಸಾದರೂ ಕೊಡೆಯ ಹೆಸರು ಬಾರದಲ್ಲ ಎಂಬ ಕನಿಕರದಿಂದ ಹುಸೇನಪ್ಪನನ್ನೇ ನೋಡುತ್ತಿದ್ದಳು. ಅವನಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಬಿಡಿಸಿ ಹೇಳಿದಳು. ಆ ಕ್ಷಣದಲ್ಲಿ ನನಗೆ ಗೀಟು ಏನೆಂದು ತಿಳಿಯಿತು. ಅದು ಮೌನವಲ್ಲ, ಜಾಗ. ತುಂಬಲಿ ಎಂದು ಬಿಟ್ಟ ಜಾಗ.

ಹುಸೇನಪ್ಪ ಇದೇನೂ ತಿಳಿಯದೆ, ಅಷ್ಟೇ ನಿಧಾನವಾಗಿ, ಮುಂದಿನ ಚಿತ್ರ ಎತ್ತಿದ. ಬಸ್ಸಿನ ಹೆಸರು ಮಗುವಿಗೂ ಬರಲಿಲ್ಲ, ಅದಕ್ಕೆ ಅವಳು ಸ್ವಲ್ಪ ನಕ್ಕಳು. ಬಾಳೆಹಣ್ಣು ಹೇಳಿದಳು, ಮೀನು ಹೇಳಿದಳು, ಗಡಿಯಾರ ಹೇಳಿದಳು. ಹತ್ತು ಚಿತ್ರವಾದ ಮೇಲೆ ನಾನು ಚೆಂಡನ್ನು ಕೈಗೆ ತೆಗೆದುಕೊಂಡು, ನಿಮ್ಮ ಮೊದಲ ಪುಟ ತೆರೆದು, ‘ಮೈ ನೇಮ್ ಈಸ್’ ಎಂದು ಹೇಳಿ, ಚೆಂಡನ್ನು ಮೆಲ್ಲಗೆ ಅವಳ ಮಡಿಲಿಗೆ ಉರುಳಿಸಿದೆ. ಬೆರಳು ಮಡಚಿದೆ. ಒಂಬತ್ತು ಜನರೂ ಮಡಚಿದರು. ಒಂದು, ಎರಡು, ಮೂರು, ನಾಲ್ಕು.

‘ರೋವನ್.’

ಆಮೇಲೆ ನಿಮ್ಮ ವಾಕ್ಯಗಳನ್ನೇ ಕತ್ತರಿಸಿ ಜೋಡಿಸುತ್ತ ಹೋದೆ, ನನಗೆ ಬರುತ್ತಿದ್ದದ್ದು ಅಷ್ಟೇ. ‘ದಿ ನೇಮ್ ಆಫ್ ಮೈ ಬೋಟ್ ಈಸ್’ ಎಂದು ನಿಂತೆ. ಲಾರ್ಕ್, ಎಂದಳು. ‘ವಿ ಆರ್’ ಎಂದು ನಿಂತೆ. ಸೆವೆನ್, ಎಂದಳು. ‘ದೆ ವೆಂಟ್ ಟು ದಿ’ ಎಂದು ನಿಂತೆ. ಅವಳು ಎದ್ದು, ಬಲೆಯ ಸಂದಿಯಿಂದ ಕೈ ಹೊರಗೆ ಹಾಕಿ, ದಕ್ಷಿಣದ ಕಡೆ ತೋರಿಸಿದಳು. ಒಂದೇ ಉಸಿರಿನಲ್ಲಿ ಬಹಳಷ್ಟು ಹೇಳಿದಳು; ನನ್ನ ಇಂಗ್ಲಿಷಿಗೆ ಅದು ದಕ್ಕಲಿಲ್ಲ. ಬಾಗಿಲಲ್ಲಿದ್ದ ಲಾಡಮಾಳ ಮಣಿಗೆ ದಕ್ಕಿತು. ಆರಿಹೋದ ದೀಪಸ್ತಂಭ ದಾಟಿದ ಮೇಲೆ ಹಡಗು ಮುರಿದದ್ದು, ಒಂದು ತೊಟ್ಟಿಲು ಮೊದಲೇ ಬಿಟ್ಟದ್ದು, ಉಳಿದವು ಹಗ್ಗದಿಂದ ಒಂದಕ್ಕೊಂದು ಕಟ್ಟಿದ್ದು, ಎಲ್ಲ. “ಯವ್ವಾ, ಕೂಸು ಮಾತಾಡಾಕತ್ತೈತಿ! ತೆಂಕಣಕ್ಕ ಹೊಡೀರಿ ದೋಣಿ, ಮೂರೂ ತೆಂಕಣಕ್ಕ!” ಎಂದು ಕೂಗುತ್ತ ಹಲಗೆಯ ಮೇಲೆ ಓಡಿದಳು. ಐವತ್ತೈದರ ಹೆಂಗಸು ಹಾಗೆ ಓಡಿದ್ದನ್ನು ನಾನು ಕಂಡಿರಲಿಲ್ಲ.

ಮಗು ಬಂದ ಒಂಬತ್ತನೆಯ ದಿನ ದೋಣಿಗಳು ಮರಳಿದವು. ಎರಡು ತೊಟ್ಟಿಲು ಸಿಕ್ಕಿದ್ದವು, ನಾಲ್ಕು ಜನ ಬದುಕಿದ್ದರು. ಅವರಲ್ಲಿ ರೋವನ್‌ಳ ಸೋದರಮಾವನಿದ್ದ, ಕಾಲು ಮುರಿದುಕೊಂಡು. ಮೂರನೆಯ ತೊಟ್ಟಿಲಿನಲ್ಲಿ ಅವಳ ತಾಯಿಯೂ ಇನ್ನೊಬ್ಬಾಕೆಯೂ ಇದ್ದರಂತೆ. ಅದರ ಹಗ್ಗ ಮಾತ್ರ ಸಿಕ್ಕಿತು, ತುಂಡಾದದ್ದು. ಹರಿದು ಮುಳುಗಿತೋ, ಬೇರೆ ಯಾವುದೋ ದಂಡೆಗೆ ಹೋಗಿ ತಾಗಿತೋ, ಯಾರಿಗೂ ಗೊತ್ತಿಲ್ಲ. ದಕ್ಷಿಣದ ಎಲ್ಲ ಬಂದರುಗಳಿಗೂ ಸುದ್ದಿ ಹೋಗಿದೆ. ಇವತ್ತಿನವರೆಗೆ ಉತ್ತರ ಬಂದಿಲ್ಲ.

ಈ ನಡುವೆ ನಾನು ದ್ಯಾಮವ್ವಜ್ಜಿಯ ಬಳಿ ಹೋಗಿ ಎಲ್ಲವನ್ನೂ ಹೇಳಬೇಕಾಗಿತ್ತು. ಅಜ್ಜಿಗೆ ಈಗ ತೊಂಬತ್ತೊಂದು, ಕಣ್ಣು ಮಂಜು, ಕಿವಿ ಚುರುಕು. ಬಾಳೆಲ್ಲ ಕಲಿಸಿದ್ದು ತಪ್ಪೆಂದು ಈ ವಯಸ್ಸಿನಲ್ಲಿ ಹೇಗೆ ಹೇಳಲಿ ಎಂದು ಎರಡು ಸಲ ಅರ್ಧ ದಾರಿಯಿಂದ ಮರಳಿದ್ದೆ. ಮೂರನೆಯ ಸಲ ಹೇಳಿಬಿಟ್ಟೆ. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು, ಕೆಮ್ಮು ಬಂದು ನೀರು ಕುಡಿಸಬೇಕಾಯಿತು. “ಅಯ್ಯ ನಮ್ಮವ್ವ! ತುಂಬೂದಿತ್ತೇನ ಅದು? ನಾ ಬರೇ ಎಣಿಸ್ಕೋತ ಕುಂತೆನಲ್ಲ! ನಿನ್ನೂ ಕುಂಡ್ರಿಸಿದೆನಲ್ಲ!” ನಗು ನಿಂತ ಮೇಲೆ ಅವರ ಮುಖ ಚಿಕ್ಕದಾಯಿತು. “ಎಷ್ಟ ಮಂದಿಗೆ ಸುಳ್ಳ ಕಲಿಸಿದೆ, ನಿಂಬಿ” ಎಂದರು. ಕೂಸು ಮಾತಾಡಿದ್ದು ಆ ಎಣಿಕೆಯಿಂದಲೇ ಅಜ್ಜಿ, ಎಂದೆ. ಅಜ್ಜಿ ಪುಸ್ತಕವನ್ನೂ ಒಂದು ಪೆನ್ಸಿಲನ್ನೂ ಕೇಳಿದರು. ಮೊದಲ ಪುಟದ ಮೊದಲ ಗೀಟಿನ ಮೇಲೆ ನನ್ನ ಬೆರಳಿಟ್ಟು ತೋರಿಸಿದೆ. ತಡವರಿಸಿ, ತಡವರಿಸಿ, ಕನ್ನಡ ಅಕ್ಷರದಲ್ಲಿ ‘ದ್ಯಾಮವ್ವ’ ಎಂದು ಬರೆದರು. ನಿಮ್ಮ ಪುಸ್ತಕದಲ್ಲಿ ಕೇಳದೆ ಬರೆದದ್ದಕ್ಕೆ ಅವರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ.

ಅಂದಿನಿಂದ ತರಗತಿ ಬದಲಾಯಿತು. ಗೀಟುಗಳನ್ನು ತುಂಬತೊಡಗಿದೆವು. ಅಬ್ಬಾ, ಎಂಥ ಗದ್ದಲ! ಸಾವಕ್ಕನಂತೂ ಅಣೆಕಟ್ಟು ಒಡೆದ ಹಾಗೆ. ಬೇರೆಯವರು ಬಾಯಿ ತೆರೆಯುವ ಮೊದಲೇ ಅವರ ವಾಕ್ಯವನ್ನು ತಾನೇ ಮುಗಿಸುತ್ತಾಳೆ. ಸೋದರಮಾವನ ಕಾಲು ಕೂಡುವವರೆಗೆ, ಉತ್ತರದ ಹಡಗು ಬರುವವರೆಗೆ, ರೋವನ್ ದಿನವೂ ಬರುತ್ತಾಳೆ. ಹುಸೇನಪ್ಪನ ಪಕ್ಕದಲ್ಲೇ ಕೂರುವುದು, ಅವನ ಉಚ್ಚಾರ ತಿದ್ದುವುದು, ಗುಂಡಿಗಣ್ಣಿನ ಗೊಂಬೆಯನ್ನು ಮಡಿಲಲ್ಲಿಟ್ಟುಕೊಳ್ಳುವುದು. ಗಂಜಿಯ ಜೊತೆ ಹುರಿದ ಮೀನೂ ತಿನ್ನುತ್ತಾಳೆ. ತಾಯಿಯ ಬಗ್ಗೆ ಒಮ್ಮೆಯೂ ಕೇಳಿರಲಿಲ್ಲ. ಮಾವ ಹೇಳಲು ಹೋದಾಗಲೆಲ್ಲ ಎದ್ದು ಹೋಗಿಬಿಡುತ್ತಿದ್ದಳು.

ನಿನ್ನೆ ನಾಲ್ಕನೆಯ ಪುಟ ಮಾಡುತ್ತಿದ್ದೆವು, ಮನೆಯವರ ಪಾಠ. ಅದನ್ನು ನಾನು ಬಿಟ್ಟುಬಿಡಬೇಕಾಗಿತ್ತು. ಪುಟಗಳ ಕ್ರಮ ತಪ್ಪಬಾರದೆಂಬ ಹಳೆಯ ಚಟ, ಬಿಡಲಿಲ್ಲ. ‘ಮೈ ಮದರ್ ಈಸ್’, ಗೀಟು. ಸಾವಕ್ಕ ‘ಎ ಕುಕ್’ ಎಂದಳು. ಯಾರೋ ‘ಟಾಲ್’ ಎಂದರು. ಹುಸೇನಪ್ಪ ತಾಯಿ ಸತ್ತು ಮೂವತ್ತು ವರ್ಷವಾದರೂ ‘ಗುಡ್’ ಎಂದ. ಚೆಂಡು ಕೈಯಿಂದ ಕೈಗೆ ಹಾರುತ್ತ, ನಾನು ತಡೆಯುವ ಮೊದಲೇ, ರೋವನ್‌ಳ ಮಡಿಲಲ್ಲಿ ಬಿತ್ತು.

ಅವಳು ಚೆಂಡನ್ನು ಎರಡೂ ಕೈಯಲ್ಲಿ ಹಿಡಿದಳು. ‘ಮೈ ಮದರ್ ಈಸ್’ ಎಂದಳು. ನಿಂತಳು.

ಸಾವಕ್ಕನ ಬಾಯಿ ಅಭ್ಯಾಸಬಲದಿಂದ ತೆರೆಯಿತು. ಅವಳ ಮೊಣಕೈಯ ಮೇಲೆ ಹುಸೇನಪ್ಪ ತನ್ನ ಎಡಗೈ ಇಟ್ಟ. ಬಲಗೈಯನ್ನು ಎತ್ತಿ, ಎಲ್ಲರಿಗೂ ಕಾಣುವ ಹಾಗೆ ಹಿಡಿದು, ಮೊದಲ ಬೆರಳು ಮಡಚಿದ. ಹದಿನೈದು ದಿನಗಳಿಂದ ಯಾರೂ ಮಾಡಿರಲಿಲ್ಲ, ಆದರೂ ಒಂಬತ್ತೂ ಕೈಗಳು ಮೇಲೆದ್ದವು. ನನ್ನದೂ ಎದ್ದಿತು. ಐದಾಯಿತು. ಯಾರೂ ಮುಂದೆ ಹೋಗಲಿಲ್ಲ. ಹುಸೇನಪ್ಪ ಮುಷ್ಟಿ ಬಿಚ್ಚಿ ಮತ್ತೆ ಮೊದಲಿನಿಂದ ಎಣಿಸತೊಡಗಿದ, ನಾವೂ ಎಣಿಸಿದೆವು. ಹಲಗೆಯ ಕೆಳಗೆ ನೀರು ಹೊರಳುತ್ತಿತ್ತು. ಎಷ್ಟು ಸಲ ಐದಾಯಿತೋ ಗೊತ್ತಿಲ್ಲ. ಆ ಮಗು ನಮ್ಮ ಕೈಗಳನ್ನು ಒಂದೊಂದಾಗಿ ನೋಡಿದಳು, ಚೆಂಡನ್ನು ಕೆಳಗಿಟ್ಟಳು, ತಾನೂ ಕೈ ಎತ್ತಿ ಬೆರಳು ಮಡಚಿದಳು. ಐದನೆಯದಕ್ಕೆ ಅಳತೊಡಗಿದಳು. ಇಲ್ಲಿಗೆ ಬಂದ ಮೇಲೆ ಅವಳು ಅತ್ತದ್ದು ಅದೇ ಮೊದಲು. ಹುಸೇನಪ್ಪ ಅವಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡ. ಕೋಲೂರಿಕೊಂಡು ಅವಳ ಮಾವನೂ, ಜೊತೆಗೆ ಲಾಡಮಾಳೂ ಬಂದು ಕರೆಯುವವರೆಗೆ ನಾವು ಯಾರೂ ಏಳಲಿಲ್ಲ.

ಅಕ್ಕೋರೇ, ಈಗ ಬೇಡಿಕೆ. ನಿಮ್ಮ ಪುಸ್ತಕದ ನಲವತ್ತೊಂದನೆಯ ಪುಟದಲ್ಲಿ ಬೇರೆ ಯಾರದೋ ಕೆಂಪು ಶಾಯಿಯ ಎರಡು ಸಾಲುಗಳಿವೆ. ‘ಪಾಠ ಬಹಳ ನಿಧಾನ. ತರಗತಿಯಲ್ಲಿ ಮೌನ ಹೆಚ್ಚು. ಸುಧಾರಿಸಿಕೊಳ್ಳುವುದು.’ ಕೆಳಗೆ ಒಂದು ರುಜು. ಆ ಪುಟದ ನಂತರ ನಿಮ್ಮ ಪೆನ್ಸಿಲು ಐದು ಎಣಿಸಬೇಕು ಎಂದು ಎಲ್ಲೂ ಬರೆದಿಲ್ಲ. ಎರಡು ಕಡೆ ‘ಬೇಗ’ ಎಂದು ಬರೆದು ಅಡಿಗೆರೆ ಎಳೆದಿದ್ದೀರಿ. ಆ ಎರಡು ಗೆರೆಗಳನ್ನು ಎಳೆಯುವಾಗ ಪೆನ್ಸಿಲು ಎಷ್ಟು ಒತ್ತಿತ್ತೆಂದರೆ ಹಿಂದಿನ ಪುಟದಲ್ಲೂ ಅಚ್ಚು ಮೂಡಿದೆ. ನಾನು ಆ ಅಚ್ಚಿನ ಮೇಲೆ ಕೈಯಾಡಿಸಿದ್ದೇನೆ.

ಈ ಪತ್ರ ನಿಮಗೆ ಮುಟ್ಟುವುದಾದರೆ, ಆ ಕೆಂಪು ಶಾಯಿ ಬಿದ್ದ ಮರುದಿನ ಮುಟ್ಟಲಿ. ನಿಮ್ಮೆದುರಿಗೂ ಒಂದು ಮಗು ಅರ್ಧ ವಾಕ್ಯ ಹೇಳಿ ನಿಂತಿರುತ್ತದೆ. ಅದಕ್ಕೆ ಪದ ಬಾರದಿರಬಹುದು, ಅಥವಾ ಬಂದ ಪದವನ್ನು ಹೇಳಲು ಆಗದಿರಬಹುದು. ಯಾವುದೆಂದು ಹೊರಗಿನಿಂದ ತಿಳಿಯುವುದಿಲ್ಲ. ರುಜು ಹಾಕಿದವರು ಬಾಗಿಲಲ್ಲೇ ನಿಂತಿದ್ದರೂ ಸರಿ, ಅಕ್ಕೋರೇ, ಆ ಮಗುವಿಗೆ ಅವಸರ ಮಾಡಬೇಡಿ.

ಇಳಿತ ಶುರುವಾಗಿದೆ, ಓಣಿಯವರೆಲ್ಲ ಪತ್ರ ಹಿಡಿದು ಮೆಟ್ಟಿಲಿಗೆ ಇಳಿಯುತ್ತಿದ್ದಾರೆ. ರೋವನ್ ಕೂಡ ತಾಯಿಗೆ ಒಂದು ಬರೆದಿದ್ದಾಳೆ. ಅದನ್ನು ಇಳಿತದಲ್ಲಿ ಬಿಡಬೇಕೋ ಉಬ್ಬರದಲ್ಲೋ ಎಂದು ನನ್ನನ್ನು ಕೇಳಿದಳು. ಗೊತ್ತಿಲ್ಲವೆಂದೆ. ಗೊತ್ತಾಗುವವರೆಗೆ ಕೈಯಲ್ಲೇ ಇಟ್ಟುಕೊಳ್ಳುತ್ತೇನೆ ಎಂದು ಹೇಳಿ, ನನ್ನ ಪಕ್ಕದಲ್ಲಿ ಬಂದು ಕುಳಿತಿದ್ದಾಳೆ.

ನಿಮ್ಮ ವಿದ್ಯಾರ್ಥಿನಿ,
ನಿಂಬೆವ್ವ